ಹಕ್ಕಿಗಷ್ಟೇ ಸಲ್ಲುವ ಶಬ್ದ

ರಜಾಕಾರರ ಗದ್ದಲ ಅಡಗಿದ ಮೇಲೆ ನಾನು ಮಸ್ಕಿಯ ಸಾಲಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಂದು ಪಾಠದಲ್ಲಿ ‘ನೆಸಲ್’ ಎಂಬ ಶಬ್ದ ಬಂತು. ಒಬ್ಬರನ್ನೊಬ್ಬರು ಒತ್ತಿಕೊಂಡು ಬೆಚ್ಚಗಿರುವುದು ಎಂದು ಅರ್ಥ ಹೇಳಿದೆ. ಮರುದಿನ, ತರಗತಿಯಲ್ಲಿದ್ದ ಒಬ್ಬಳೇ ಹುಡುಗಿಯ ತಂದೆ, ಬಟ್ಟೆ ಅಂಗಡಿಯ ಸಾವಕಾರರು, ಸಾಲಿಗೇ ಬಂದರು.

“ಏನ್ರೀ ಮಾಸ್ತರ, ಹೆಣ್ಣುಡುಗಿ ಮುಂದ ಹೇಳೋ ಮಾತೇನ್ರೀ ಇದು? ನಾಳಿಂದ ಆಕೀನ ಸಾಲಿಗೆ ಕಳಸಂಗಿಲ್ಲ.”

“ಅದು ಗೂಡಿನಿಂದ ಹುಟ್ಟಿದ ಶಬ್ದ ರೀ ಸಾವಕಾರ್ರ. ಗೂಡಿಗೆ ಇಂಗ್ಲಿಷಿನ್ಯಾಗ ನೆಸ್ಟ್ ಅಂತಾರ. ಮೊದಲು ಹಕ್ಕಿ ಗೂಡು ಕಟ್ಟೂದಕ್ಕ ಹಂಗಂತಿದ್ರು.”

ಸಾವಕಾರರು ರುಮಾಲು ಸರಿಮಾಡಿಕೊಂಡು ಯೋಚಿಸಿದರು.

“ಹಂಗಾರ ಹಕ್ಕಿಗಷ್ಟ ಹೇಳ್ರಿ. ಮಂದಿಗೆ ಬ್ಯಾಡ.”

ಹುಡುಗಿ ಸಾಲಿಗೆ ಬಂದಳು. ಅಂದಿನಿಂದ ನನ್ನ ಇಂಗ್ಲಿಷಿನಲ್ಲಿ ಹಕ್ಕಿಗಳಷ್ಟೇ ಬೆಚ್ಚಗಿದ್ದವು. ಪಾಠದೊಳಗಿನ ತಾಯಿ-ಮಗು ಕೂಡ ಮಾರು ದೂರ ಕೂತರು.