ಗಂಟೆ ಹೊಡೆಯದ ಮಧ್ಯಾಹ್ನಗಳು

ನನ್ನ ಗಂಡ ಕಲ್ಲಿನಲ್ಲಿ ಅಕ್ಷರ ಕೊರೆಯುತ್ತಿದ್ದರು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ತಗಡಿನ ಶೆಡ್ಡು. ಹೊಸ ಮನೆಯ ಹೆಸರುಕಲ್ಲು, ಶಾಲೆ ಕಟ್ಟಡದ ಉದ್ಘಾಟನೆ ಕಲ್ಲು, ಲಿಂಗಾಯತರ ಮನೆ ಹಿರಿಯರ ಗದ್ದುಗೆಗೆ ಮೇಲೊಂದು ಲಿಂಗ ಬಿಡಿಸಿ ಕೆಳಗೆ ಹೆಸರು, ನಮ್ಮವರ ಗೋರಿಗೆ ಉರ್ದುವಿನಲ್ಲಿ ಹೆಸರು, ಎಲ್ಲವೂ ಅವರ ಕೈಯಿಂದಲೇ ಆಗಬೇಕಿತ್ತು. ಶಾಸಕರ ಹೆಸರಿಗಿಂತ ಅಧ್ಯಕ್ಷರ ಹೆಸರು ದಪ್ಪವಾಯಿತು ಎಂದು ಜಗಳ ತೆಗೆದುಕೊಂಡು ಬಂದವರನ್ನೂ ಕಂಡಿದ್ದೇನೆ. ಅಂಥವರಿಗೆ ಟೀ ತರಿಸಿ, ನಗಿಸಿ, ಅದೇ ಕಲ್ಲನ್ನು ಹೊರಿಸಿ ಕಳಿಸುವ ಕಲೆಯೂ ಅವರಿಗಿತ್ತು.

ನಮ್ಮ ಮನೆ ಮಾತು ಉರ್ದು. ಆದರೆ ಶೆಡ್ಡಿಗೆ ಕಾಲಿಟ್ಟ ಕೂಡಲೇ ಇಬ್ಬರ ನಾಲಗೆಯೂ ತಾನಾಗಿ ಕನ್ನಡಕ್ಕೆ ತಿರುಗುತ್ತಿತ್ತು. ಅವರದು ಹಂಗಳದ ರೈತರ ಜೊತೆ ಕೂತು ಕಲಿತ ಕನ್ನಡ. ನಾನು ಚಾಮರಾಜನಗರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು, ನನ್ನದು ಪುಸ್ತಕದ ಕನ್ನಡ ಎಂದು ಅವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಬಿಲ್ಲು ಬರೆಯುವಾಗ ಒತ್ತಕ್ಷರಕ್ಕೆ ನನ್ನ ಹತ್ತಿರವೇ ಬರಬೇಕಿತ್ತು.

ಕೆಮ್ಮು ಮೊದಲಿನಿಂದಲೂ ಇತ್ತು. ಕಲ್ಲಿನ ಕೆಲಸದವರಿಗೆಲ್ಲ ಇರುವ ಕೆಮ್ಮು ಎಂದು ನಾವು ಅದನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಒಂದು ದಿನ ಸಂತೆಮರಹಳ್ಳಿಯಲ್ಲಿ ಬಸ್ಸು ಹತ್ತುವಾಗ ಎರಡನೇ ಮೆಟ್ಟಿಲಿಗೇ ಉಸಿರು ಕಟ್ಟಿ ಕಂಬಿ ಹಿಡಿದು ನಿಂತುಬಿಟ್ಟರು. ಮೈಸೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಚಿಕ್ಕ ವಯಸ್ಸಿನಿಂದ ಕುಡಿದ ಕಲ್ಲಿನ ಪುಡಿಯೆಲ್ಲ ಎದೆಯಲ್ಲಿ ಕೂತಿದೆ, ಕೂತದ್ದನ್ನು ತೆಗೆಯಲು ಆಗುವುದಿಲ್ಲ, ಇನ್ನು ಮೇಲೆ ಧೂಳಿನಿಂದ ದೂರ ಇದ್ದರೆ ಇನ್ನಷ್ಟು ವರ್ಷ ಬಾಳಬಹುದು ಎಂದರು. ನನಗೆ ಆ ಕೊನೆಯ ಮಾತು ಮಾತ್ರ ಕೇಳಿಸಿತು. ಇವರನ್ನು ಧೂಳಿನಿಂದ ದೂರ ಕೂರಿಸಬೇಕು, ಅಷ್ಟೆ. ಅವತ್ತಿನಿಂದ ನನ್ನ ಬದುಕಿಗೆ ಬೇರೆ ಕೆಲಸ ಇರಲಿಲ್ಲ.

ಕೊಯಮತ್ತೂರಿನಿಂದ ಒಂದು ಹಳೆಯ ಸಿಎನ್‌ಸಿ ಮಷೀನು ತರಿಸಿದೆವು. ನನ್ನ ಮೈದುನ ತನ್ನ ಟೆಂಪೋದಲ್ಲಿ ಅದನ್ನು ಹೇರಿಕೊಂಡು ಬಂದ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಕೊಟ್ಟರೆ ಉಳಿ ಹಿಡಿಯುವ ಕೈಯಿಲ್ಲದೆ ಮಷೀನೇ ಕೊರೆಯುತ್ತದೆ. ಕಂಪ್ಯೂಟರನ್ನು ಮುಂದಿನ ಕೋಣೆಯಲ್ಲಿಟ್ಟು, ಮಷೀನನ್ನು ಒಳಗಿಟ್ಟು, ನಡುವೆ ಗೋಡೆ ಎಬ್ಬಿಸಿ ಬಾಗಿಲು ಹಾಕಿಸಿದೆ. ನೀರು ಬಿಟ್ಟು ಕೊರೆದರೆ ಧೂಳೇ ಏಳುವುದಿಲ್ಲವಂತೆ, ಆದರೆ ನಮ್ಮ ಮೋಟರುಗಳು ಬೇರೆ ಯಾವುದೋ ಮಷೀನಿನಿಂದ ಕಳಚಿದವು, ನೀರು ತಾಗಿದರೆ ಸುಟ್ಟುಹೋಗುವಂಥವು. ನೀರಿಲ್ಲದೆಯೇ ಕೊರೆಯಬೇಕಿತ್ತು. ಇರಲಿ, ಧೂಳು ಗೋಡೆಯ ಆಚೆ, ನನ್ನ ಗಂಡ ಗೋಡೆಯ ಈಚೆ ಎಂದು ಸಮಾಧಾನಪಟ್ಟುಕೊಂಡೆ.

ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ಹಂಗಳದ ಒಂದು ಗದ್ದುಗೆ ಕಲ್ಲು ಕೊರೆಯುವಾಗ, ಮಷೀನಿನ ಮೊನೆ ಕಲ್ಲಿನ ಗಟ್ಟಿ ಜಾಗಕ್ಕೆ ಸಿಕ್ಕಿ, ಅದನ್ನು ಸರಿಸುವ ಮೋಟರುಗಳಲ್ಲಿ ಒಂದು ನಿಂತುಹೋಯಿತು. ಇನ್ನೊಂದು ನಿಲ್ಲಲಿಲ್ಲ. ಹಿರಿಯರ ಹೆಸರಿನ ಮೇಲೆ ಉದ್ದಕ್ಕೆ ಗೀರು ಬಿತ್ತು. ಕಂಪ್ಯೂಟರಿನ ಪರದೆಯಲ್ಲಿ ನೋಡಿದರೆ ಎಲ್ಲ ಅಂಕಿಯೂ ಸರಿ, ಎಲ್ಲ ಅಕ್ಷರವೂ ಮುಗಿದಿದೆ. ಅದು ತೋರಿಸುತ್ತಿದ್ದದ್ದು ತಾನು ಕೊಟ್ಟ ಅಪ್ಪಣೆಯನ್ನೇ ಹೊರತು ಮೋಟರು ಹೋದ ಜಾಗವನ್ನಲ್ಲ. ಒಂದು ತಂತಿಯಲ್ಲಿ ಇಷ್ಟು ಹೆಜ್ಜೆ ಹಾಕು ಎನ್ನುತ್ತದೆ, ಇನ್ನೊಂದರಲ್ಲಿ ಈ ಕಡೆಗೆ ಹೋಗು ಎನ್ನುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಹೋದೆಯಾ ಎಂದು ಕೇಳುವುದಿಲ್ಲ.

ಹಾಗಾಗಿ ಅವರು ಮತ್ತೆ ಒಳಗೆ ಹೋಗಿ, ಮೂಗಿಗೆ ಟವೆಲ್ಲು ಕಟ್ಟಿಕೊಂಡು, ಮಷೀನು ನಿಲ್ಲಿಸುವ ಕೆಂಪು ಸ್ವಿಚ್ಚಿನ ಹತ್ತಿರ ನಿಲ್ಲತೊಡಗಿದರು. ಮೋಟರಿನ ಸದ್ದು ಸ್ವಲ್ಪ ಭಾರವಾದರೂ ಅವರ ಕಿವಿಗೆ ಗೊತ್ತಾಗುತ್ತಿತ್ತು. ಆಮೇಲೆ ಹೊರಗೆ ಬಂದು ಕೆಮ್ಮುವರು. ಎದೆ ಹೇಗಿದೆ ಎಂದರೆ, "ಏನೂ ಆಗಿಲ್ಲ ಬುಡು, ಚೆನ್ನಾಗಿವ್ನಿ" ಎನ್ನುವರು. ಆ ಪರದೆಗೂ ಇವರಿಗೂ ಒಂದೇ ಗುರು ಪಾಠ ಹೇಳಿದ್ದಾನೆ ಎಂದು ನಾನು ರೇಗುತ್ತಿದ್ದೆ.

ಮಷೀನು ಮಾರಿದವನಿಗೆ ಫೋನು ಮಾಡಿದೆ. ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ಅವನು ಬಿಡಿಸಿ ಹೇಳಿದ. ಪ್ರತಿ ಮೋಟರಿನ ಬೆನ್ನಿಗೂ ಎನ್‌ಕೋಡರ್ ಎಂಬುದೊಂದು ಕೂತಿರುತ್ತದೆ. ಮೋಟರು ನಿಜವಾಗಿ ಎಷ್ಟು ತಿರುಗಿತು ಎಂದು ಎಣಿಸುವುದು ಅದರ ಕೆಲಸ. ಆ ಎಣಿಕೆ ಮೋಟರನ್ನು ಓಡಿಸುವ ಡ್ರೈವ್ ಪೆಟ್ಟಿಗೆಯವರೆಗೆ ಬಂದು ಅಲ್ಲೇ ನಿಂತಿದೆ. ಅದನ್ನು ಇನ್ನೊಂದು ತಂತಿಯಲ್ಲಿ ಕಂಪ್ಯೂಟರಿನವರೆಗೂ ತಂದರೆ, ಅದು ತಾನು ಹೇಳಿದ್ದನ್ನೂ ಮೋಟರು ಮಾಡಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ನಾವು ಇಟ್ಟ ಮಿತಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ತಾನೇ ಎಲ್ಲವನ್ನೂ ನಿಲ್ಲಿಸುತ್ತದೆ. ಅಂದರೆ ಪಕ್ಕದಲ್ಲಿ ಯಾರೂ ನಿಲ್ಲಬೇಕಾಗಿಲ್ಲ. ಅವನು ಬೇರೆ ಏನೇನೋ ಹೇಳಿದ, ನಾನು ಬರೆದುಕೊಂಡೆ, ಆದರೆ ನನ್ನ ತಲೆಯಲ್ಲಿ ಗುಂಯ್‌ಗುಟ್ಟಿದ್ದು ಅದೊಂದೇ.

ತಂತಿ ಜೋಡಿಸಿದವಳು ನಾನೇ. ಮೊದಲ ಸಲ ಎರಡು ತಂತಿ ಅದಲುಬದಲಾಗಿ, ಮೋಟರು ಮುಂದೆ ಹೋದರೆ ಅಂಕಿ ಹಿಂದೆ ಓಡಿತು. ಅವರು ಸ್ಟೂಲಿನ ಮೇಲೆ ಕೂತು ನಕ್ಕರು. "ನಾನೊಂದು ಅಂದ್ರೆ ಅದೊಂದ್ ಕಡೆ ಓಯ್ತದೆ. ಥೇಟ್ ನಿನ್ ತರಾನೇ ಕಣಮ್ಮಿ." ತಂತಿ ತಿರುಗಿಸಿ ಹಾಕಿದೆ, ಸರಿಹೋಯಿತು. ಮಿತಿಯ ಜಾಗದಲ್ಲಿ ಬಹಳ ಸಣ್ಣ ಅಂಕಿ ಇಟ್ಟೆ, ಕೂದಲೆಳೆಯಷ್ಟು ತಪ್ಪಿದರೂ ನಿಲ್ಲಲಿ ಎಂದು. ನಿಂತಾಗ ಹೊಡೆದುಕೊಳ್ಳಲು ಒಂದು ಕರೆಂಟ್ ಗಂಟೆಯನ್ನೂ ಮುಂದಿನ ಕೋಣೆಗೆ ಸಿಕ್ಕಿಸಿದೆ.

ಆ ದಿನಗಳು ನನ್ನ ಬದುಕಿನಲ್ಲೇ ಒಳ್ಳೆಯ ದಿನಗಳು. ಅವರು ಹೊರಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಊಟಿಯ ಕಡೆ ಹೋಗುವ ಕಾರುಗಳನ್ನು ಬೈಯುತ್ತ ಕೂರುತ್ತಿದ್ದರು. ಒಳಗೆ ಮಷೀನು ತನ್ನ ಪಾಡಿಗೆ ಕೊರೆಯುತ್ತಿತ್ತು. ಗಂಟೆ ಹೊಡೆದರೆ ನಾನು ಸೆರಗು ಮೂಗಿಗೆ ಒತ್ತಿಕೊಂಡು ಒಳಗೆ ಓಡಿ, ಮೊನೆ ಬದಲಿಸಿ, ಪುಡಿ ಗುಡಿಸಿ, ಮತ್ತೆ ಶುರು ಮಾಡಿ ಬರುತ್ತಿದ್ದೆ. ಕರಿಕಲ್ಲು ಗಟ್ಟಿ, ನಮ್ಮ ಮೋಟರು ಹಳೆಯವು, ಗಂಟೆ ಪದೇ ಪದೇ ಹೊಡೆಯುತ್ತಿತ್ತು. ನನಗೆ ಬೇಸರವಿರಲಿಲ್ಲ. ಪ್ರತಿ ಗಂಟೆಯೂ ಇವರು ಒಳಗೆ ಹೋಗದೆ ಉಳಿದ ಲೆಕ್ಕ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಹಾಗೆ ಹೊರಬಂದಾಗ ಅವರು ನನ್ನ ತಲೆಯನ್ನೇ ನೋಡಿದರು. "ಒಂದೇ ದಿನಕ್ಕೆ ಮುದುಕಿ ಆಗ್ಬುಟ್ಟಲ್ಲಮ್ಮಿ" ಎಂದರು. ಕೂದಲೆಲ್ಲ ಬೂದು ಪುಡಿ. ಹತ್ತಿರ ಕರೆದು ತಮ್ಮ ಟವೆಲ್ಲಿನಿಂದ ಕೊಡವಿದರು. ತಮಾಷೆ ಮಾಡಿದ್ದು ಅವರೇ, ನಕ್ಕಿದ್ದು ನಾನೊಬ್ಬಳೇ.

ಅದಾದ ಸ್ವಲ್ಪ ದಿನಕ್ಕೆ ಕಂಪ್ಯೂಟರಿನ ಮುಂದೆ ಬಂದು ಕೂತರು. "ಅದ್ಯಾವ್ದು, ಮಷೀನ್ ನಿಲ್ಸೋ ನಂಬರು? ತೋರ್ಸು." ಇಷ್ಟು ದಿನಕ್ಕಾದರೂ ನನ್ನ ಕೆಲಸದ ಮೇಲೆ ಆಸಕ್ತಿ ಬಂತಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. ಮಕ್ಕಳಿಗೆ ಪಾಠ ಹೇಳಿದ ಹಾಗೆ ಹೇಳಿದೆ: ಈ ಅಂಕಿ ಸಣ್ಣದಿದ್ದರೆ ಸ್ವಲ್ಪ ತಪ್ಪಿದರೂ ನಿಲ್ಲುತ್ತದೆ, ದೊಡ್ಡದು ಮಾಡಿದರೆ ಎಷ್ಟು ತಪ್ಪಿದರೂ ಕೇಳುವುದಿಲ್ಲ, ಸುಮ್ಮನೆ ಓಡುತ್ತಿರುತ್ತದೆ. ಅವರು ತಲೆಯಾಡಿಸಿ, "ಸರಿ ಬುಡು" ಎಂದು ಎದ್ದುಹೋದರು.

ಆಮೇಲೆ ಗಂಟೆ ಹೊಡೆಯುವುದು ಕಡಿಮೆಯಾಯಿತು, ಕೊನೆಗೆ ನಿಂತೇಹೋಯಿತು. ಮಷೀನು ಪಳಗಿತು ಎಂದುಕೊಂಡೆ. ಅವರೂ ಅದನ್ನೇ ಹೇಳಿದರು. "ಇನ್ನ ನೀನ್ಯಾಕೆ ಇಲ್ಲಿ ನೊಣ ಒಡ್ಕೊಂಡ್ ಕೂತಿದೀಯೆ? ಮದ್ಯಾನ ಓಗಿ ಪೇಟೆಲಿ ಐಕ್ಳಿಗೆ ಕಂಪ್ಯೂಟರ್ ಕಲ್ಸು." ಹೋದೆ. ಸಂಜೆ ಬಂದಾಗ ಅವರು ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ಒಳಗೆ ಕಲ್ಲು ಅಚ್ಚುಕಟ್ಟಾಗಿ ಮುಗಿದಿರುತ್ತಿತ್ತು. ದಿನಕ್ಕೆರಡು ಸ್ನಾನ ಮಾಡುವ ಮದುಮಗ ಎಂದು ನಾನು ಛೇಡಿಸುತ್ತಿದ್ದೆ. ಕೆಮ್ಮು ಹೆಚ್ಚಾದಾಗ ಡಾಕ್ಟರರ ಮಾತು ಸುಳ್ಳಾಯಿತೇ ಎಂದು ಅತ್ತೆ. ಇಷ್ಟು ದೂರ ಇಟ್ಟರೂ ಹೀಗಾಯಿತಲ್ಲ ಎಂದು ದೇವರ ಮೇಲೆ ಸಿಟ್ಟಾದೆ. ಮುಂದಿನ ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಗಂಡ ತೀರಿದವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಕೂರುವ ಇದ್ದತ್ ಮುಗಿಸಿ, ಹೊರಬಿದ್ದು ನಾನು ಮೊದಲು ಮಾಡಿದ್ದು ಶೆಡ್ಡಿನ ಬೀಗ ತೆಗೆದದ್ದು. ಅವರ ಗೋರಿಗೆ ಹೆಸರುಕಲ್ಲು ಆಗಬೇಕಿತ್ತು. ನಮ್ಮಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ. ಕಲ್ಲನ್ನು ಮೈದುನ ಒಯ್ದು ನೆಡುತ್ತಾನೆ, ಅದು ಹೇಗೆ ನಿಂತಿದೆ ಎಂದು ಅವನು ಹೇಳಿದ್ದನ್ನು ನಾನು ನಂಬಬೇಕು. ಕೊರೆಯುವುದಾದರೂ ನನ್ನ ಕೈಯಿಂದ ಆಗಲಿ ಎಂದು ಹಟ ಹಿಡಿದಿದ್ದೆ.

ಹೆಸರಿನ ಎರಡನೇ ಅಕ್ಷರಕ್ಕೇ ಒಳಗೆ ಮೋಟರು ನರಳಿತು. ಗಂಟೆಗಾಗಿ ಕಾದೆ, ಹೊಡೆಯಲಿಲ್ಲ. ಬಾಗಿಲು ತೆಗೆದು ನೋಡಿದರೆ ಅವರ ಹೆಸರಿನ ಮೇಲೆ ಉದ್ದಕ್ಕೆ ಗೀರು. ಇಲಿ ತಂತಿ ಕಡಿದಿರಬೇಕು ಎಂದು ಒಂದೊಂದೇ ತಂತಿ ಎಳೆದು ನೋಡಿದೆ. ಎಲ್ಲವೂ ಸರಿಯಾಗಿದ್ದವು. ಎನ್‌ಕೋಡರಿನ ಎಣಿಕೆ ಕಂಪ್ಯೂಟರಿಗೆ ತಪ್ಪದೆ ಬರುತ್ತಿತ್ತು. ಕೊನೆಗೆ ಮಿತಿಯ ಅಂಕಿ ತೆರೆದೆ. ನಾನು ಇಟ್ಟಿದ್ದ ಸಣ್ಣ ಅಂಕಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಒಂಬತ್ತು, ಅದರ ಹಿಂದೆ ಸೊನ್ನೆಗಳ ಸಾಲು. ಮಷೀನು ಗೋಡೆ ದಾಟಿ ಹೋದರೂ ಗಂಟೆ ಹೊಡೆಯುತ್ತಿರಲಿಲ್ಲ.

ಹಾಗಿದ್ದರೆ ಅಷ್ಟು ದಿನ ಕಲ್ಲುಗಳು ಹಾಳಾಗದೆ ಮುಗಿದದ್ದು ಹೇಗೆ? ಪಕ್ಕದಲ್ಲಿ ಯಾರೋ ನಿಂತಿದ್ದರು. ಕಿವಿಗೊಟ್ಟು, ಕೆಂಪು ಸ್ವಿಚ್ಚಿನ ಮೇಲೆ ಕೈಯಿಟ್ಟು, ದಿನಾ ಮಧ್ಯಾಹ್ನ ನಾನು ಪೇಟೆಗೆ ಹೋದ ಮೇಲೆ, ನಾನು ವಾಪಸ್ಸು ಬರುವ ಮೊದಲು ಸ್ನಾನ ಮುಗಿಸಿ.

ಮೈದುನ ಕಲ್ಲು ಒಯ್ಯಲು ಬಂದಾಗ ಪರದೆ ತೋರಿಸಿ ಕೇಳಿದೆ. ಅವನು ಟೆಂಪೋದ ಕೀಲಿಯನ್ನು ಜೇಬಿಗಿಳಿಸಿದ. "ನಿಮ್ಗೆ ಏಳ್ಬ್ಯಾಡ ಅಂತ ಅಣ್ಣನೇ ಅಂದಿದ್ದ ಭಾಭಿ. ಗಂಟೆ ಒಡೆದ್ರೆ ಅವ್ಳು ಒಳಕ್ ಓಯ್ತಾಳೆ, ನನ್ನ ಎದೆ ಎಂಗೂ ಓಗ್ಯದೆ, ಅವ್ಳುದ್ನೂ ಯಾಕ್ಲಾ ಕಳೀಲಿ ಅಂದಿದ್ದ."

ಅಳುವುದಕ್ಕಿಂತ ಮೊದಲು ನನಗೆ ಸಿಟ್ಟು ಬಂತು. ಕೇಳಬಹುದಿತ್ತಲ್ಲ, ಇಬ್ಬರೂ ಕೂತು ಶೆಡ್ಡಿಗೆ ಬೀಗ ಜಡಿದು ಬೇರೆ ಏನಾದರೂ ಮಾಡಬಹುದಿತ್ತಲ್ಲ. ಇವರನ್ನು ಉಳಿಸಿಕೊಳ್ಳಲು ನಾನು ಹಾಕಿದ ತಂತಿ, ನನ್ನನ್ನು ಉಳಿಸಲು ಇವರು ಹಾಕಿದ ಸೊನ್ನೆಗಳು. ಮೈದುನನನ್ನು ಖಾಲಿ ಟೆಂಪೋದ ಜೊತೆಗೇ ವಾಪಸ್ಸು ಕಳಿಸಿ, ಆ ಪರದೆಯ ಮುಂದೆ ಕೂತು ಜೋರಾಗಿ ಅತ್ತೆ. ಬೈದುಕೊಂಡು ಅತ್ತೆ, ಅದೂ ಕನ್ನಡದಲ್ಲಿ.

ಮರುದಿನ ಹೊಸ ಕಲ್ಲು ಇಟ್ಟೆ. ಸೊನ್ನೆಗಳನ್ನು ಅಳಿಸಿ ನನ್ನ ಹಳೆಯ ಸಣ್ಣ ಅಂಕಿಯನ್ನೇ ಮತ್ತೆ ಹಾಕಿದೆ. ಮಷೀನು ಶುರುವಾಯಿತು. ಅವರ ಹೆಸರಿನ ಅರ್ಧಕ್ಕೆ ಗಂಟೆ ಹೊಡೆದುಕೊಂಡಿತು. ಗೂಟಕ್ಕೆ ನೇತು ಹಾಕಿದ್ದ ಅವರ ಟವೆಲ್ಲನ್ನು ತೆಗೆದು ಮೂಗಿಗೆ ಕಟ್ಟಿಕೊಂಡೆ, ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಹೋಗಬೇಡ ಎನ್ನಲು ಯಾರೂ ಇರಲಿಲ್ಲ. ಒಳಗೆ ಹೋದೆ.