ಹೊರಗೆ ಕೂತವರಿಗೆ ಅನ್ನ ಬಡಿಸುವವಳು

ತಿಂಗಳ ಮುಟ್ಟಾಗಿ ಹೊರಗೆ ಕೂರುವ ಹೆಂಗಸರಿಗೆ ಅನ್ನ, ನೀರು ಕೊಡುವುದು ಆ ಮನೆಯಲ್ಲಿ ಸಣ್ಣಮ್ಮನ ಕೆಲಸ. ಕುಮಟಾ ಪೇಟೆಗೆ ತರಕಾರಿ ಹೊತ್ತು ಮಾರುವವರ ಕೇರಿ ಅದು. ಅಣ್ಣತಮ್ಮಂದಿರ ಸಂಸಾರಗಳೆಲ್ಲ ಒಂದೇ ಅಂಗಳದ ಸುತ್ತ ಇದ್ದವು. ಅಂಗಳದ ಮೂಲೆಯ ಚಪ್ಪರದಲ್ಲಿ ಕೂತವರ ಮುಂದೆ ಎಲೆ ಇಟ್ಟು, ಸಣ್ಣಮ್ಮ ಮೈ ತಾಗದ ಹಾಗೆ ಬಡಿಸುತ್ತಿದ್ದಳು. ಮುಟ್ಟಬಾರದೆಂದಿತ್ತೇ ಹೊರತು ಮಾತಾಡಬಾರದೆಂದು ಯಾರೂ ಹೇಳಿರಲಿಲ್ಲ. ಯಾರಿಗೆ ಹೊಟ್ಟೆನೋವು, ಯಾರಿಗೆ ತಿಂಗಳು ತಪ್ಪಿದೆ, ಎಲ್ಲವನ್ನೂ ಅವಳು ಕೇಳಿಯೇ ಕೇಳುವಳು.

"ಇವಳ ಪ್ರಶ್ನೆಗೆ ಉತ್ರ ಕೊಡೂಕಿಂತ ಹಸ್ಕಂಡು ಕೂರೂದೇ ಲಾಯ್ಕು" ಎಂದು ಹೆಂಗಸರು ನಗುತ್ತಿದ್ದರು.

1964ರಲ್ಲಿ, ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ, ಚಪ್ಪರದಲ್ಲಿ ಕೂತವಳನ್ನು ನೋಡಿ ಸಣ್ಣಮ್ಮ ಅನ್ನದ ತಪ್ಪಲೆ ಹಿಡಿದು ಹಾಗೆಯೇ ನಿಂತಳು. ಅವಳ ಓರಗಿತ್ತಿ ಹೊನ್ನಿ! ವಯಸ್ಸು ಐವತ್ತು ದಾಟಿತ್ತು. ಹೊರಗೆ ಕೂರುವುದು ನಿಂತು ವರ್ಷಗಳೇ ಆಗಿದ್ದವು.

"ಅಕ್ಕಾ, ನೀನು ಎಂತಕ್ಕೆ ಇಲ್ಲಿ?"

"ಎಲ್ಲರೂ ಎಂತಕ್ಕೆ ಕೂರ್ತಾರೆ? ಅದಕ್ಕೇಯ."

ಬಾವಿಕಟ್ಟೆಯಲ್ಲಿದ್ದ ಹೊನ್ನಿಯ ಸೊಸೆ ಸುಕ್ರಿ ಕೊಡ ಕೆಳಗಿಟ್ಟು ನಕ್ಕಳು. "ನಮ್ಮ ಅತ್ತೆಗೆ ಮತ್ತೆ ಹರೆ ಬಂತು! ಮಾವನಿಗೆ ಹೊಸ ಪಂಚೆ ತರ್ಬೇಕು."

ಹೊನ್ನಿಯೂ ನಕ್ಕಳು. ಸಣ್ಣಮ್ಮನಿಗೂ ನಗು ಬಂತು, ಆದರೆ ನಗು ನಿಂತ ಮೇಲೂ ಪ್ರಶ್ನೆ ನಿಲ್ಲಲಿಲ್ಲ. ಹೋದದ್ದು ತಿರುಗಿ ಬರುವುದು ಹೇಗೆ? ಬಂದರೆ ತಿಂಗಳಿಗೊಮ್ಮೆ ಬರಬೇಕು. ಹೊನ್ನಿ ಎದ್ದು ಒಳಗೆ ಹೋಗಿ ವಾರ ಕಳೆಯುವಷ್ಟರಲ್ಲಿ ಮತ್ತೆ ಚಪ್ಪರಕ್ಕೆ ಬಂದಿದ್ದಳು.

ಪೇಟೆಯಲ್ಲಿ ಸಣ್ಣಮ್ಮನ ಹತ್ತಿರ ಹರಿವೆ ಸೊಪ್ಪು ಕೊಳ್ಳುತ್ತಿದ್ದವರಲ್ಲಿ ಸರಕಾರಿ ದವಾಖಾನೆಯ ನರ್ಸು ಮಾಸ್ತಮ್ಮ ಒಬ್ಬರು, ಶಿರಾಲಿ ಕಡೆಯವರು. ಸಣ್ಣಮ್ಮ ಅವರನ್ನೇ ಕೇಳಿದಳು.

"ಬಾಯೀ, ಮುಟ್ಟು ನಿಂತು ವರ್ಷ ಆದವ್ರಿಗೆ ತಿರುಗಿ ಬತ್ತದಾ?"

ಸೊಪ್ಪಿನ ಕಟ್ಟು ಆರಿಸುತ್ತಿದ್ದ ಮಾಸ್ತಮ್ಮನ ಕೈ ನಿಂತಿತು. "ಯಾರಿಗೆ?"

"ನಮ್ಮಕ್ಕಂಗೆ. ಹರೆ ಬಂತು ಅಂತ ಎಲ್ಲರೂ ನಗಾಡ್ತಾರೆ."

"ನಗಾಡೂದಲ್ಲ ಸಣ್ಣಮ್ಮ. ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಹುಣ್ಣಾದ್ರೂ ಹೀಂಗೆ ರಕ್ತ ಹೋಗ್ತದೆ. ಬೆಳೆಯೂಕೆ ಬಿಟ್ರೆ ಜೀವಕ್ಕೆ ಬರ್ತದೆ. ಎಳೇದಿರುವಾಗ ಸಿಕ್ರೆ ತೆಗೆದು ಹಾಕ್ಬಹುದು. ಬುಧವಾರ ಡಾಕ್ಟರಬಾಯಿ ಬರ್ತಾರೆ, ಕರ್ಕಂಡು ಬಾ. ನೀನೂ ತೋರಿಸ್ಕೊ. ಏನೂ ಇಲ್ದವ್ರಲ್ಲೂ ಹುಣ್ಣಾಗೂ ಮೊದ್ಲೇ ಅದರ ಗುರುತು ಸಿಕ್ತದೆ."

ಹೊನ್ನಿ ಒಪ್ಪಲಿಲ್ಲ. "ನೋವಿಲ್ಲ, ಜ್ವರ ಇಲ್ಲ. ಐದು ಹೆತ್ತಾಗ್ಲೂ ಯಾವ ಡಾಕ್ಟರ ಮುಂದೂ ಮಲಗ್ದವಳಲ್ಲ. ಅಷ್ಟು ಆಸೆ ಇದ್ರೆ ನೀನೇ ಹೋಗಿ ಮಲಗು."

ಚುಚ್ಚಲಿಕ್ಕೆ ಆಡಿದ ಮಾತು. ಸಣ್ಣಮ್ಮ ಮಾತ್ರ ನಿಜಕ್ಕೂ ಹೋದಳು. ಅಲ್ಲಿ ಏನು ಮಾಡುತ್ತಾರೆಂದು ನೋಡದೆ ಅವಳಿಗೂ ಇರಲಾಗುತ್ತಿರಲಿಲ್ಲ. ಸಂಜೆ ಬಂದು ಚಪ್ಪರದ ಕಂಬಕ್ಕೆ ಒರಗಿ ಕೂತಳು.

"ಒಳಗೆ ಕಾಣೂಕೆ ತಣ್ಣಗಿನ ಎಂತದೋ ಇಡ್ತಾರೆ ಅಕ್ಕಾ. ಮರದ ಕಡ್ಡಿಯಿಂದ ಒಂಚೂರು ಸವರಿ, ಗಾಜಿನ ಪಟ್ಟಿ ಮೇಲೆ ಹಚ್ತಾರೆ, ಎಲೆಗೆ ಸುಣ್ಣ ಹಚ್ಚಿದ ಹಾಂಗೆ."

"ಕೊಯ್ಯೂದಿಲ್ವಾ?"

"ಇಲ್ಲ. ನನ್ನ ಪ್ರಶ್ನೆ ಮುಗಿಯೂದ್ರೊಳಗೆ ಅವರ ಕೆಲ್ಸ ಮುಗೀತು."

"ನಿನ್ನ ಪ್ರಶ್ನೆ ಮುಗಿಯೂದ್ರೊಳಗೆ ಗದ್ದೆಯೇ ಕೊಯ್ದು ಮುಗೀತದೆ" ಎಂದಳು ಹೊನ್ನಿ. ಆದರೂ ಮುಂದಿನ ಬುಧವಾರ ಅವಳ ಹಿಂದೆಯೇ ಹೊರಟಳು.

ಗಾಜಿನ ಪಟ್ಟಿಗಳು ಪರೀಕ್ಷೆಗೆ ಹುಬ್ಬಳ್ಳಿಗೆ ಹೋದವು. ಸಣ್ಣಮ್ಮನದರಲ್ಲಿ ದೋಷವಿರಲಿಲ್ಲ. ಹೊನ್ನಿಯದರಲ್ಲಿ ಇತ್ತು. ಹುಬ್ಬಳ್ಳಿಯಲ್ಲೇ ಆಪರೇಷನ್ ಮಾಡಿ ಗರ್ಭಕೋಶ ತೆಗೆಯಬೇಕೆಂದರು.

ಬಸ್ಸು ದೇವಿಮನೆ ಘಾಟಿ ಹತ್ತುವಾಗ ಹೊನ್ನಿ ಮೆಲ್ಲಗೆ ಕೇಳಿದಳು, "ಅಲ್ಲೇ ಸತ್ರೆ ನನ್ನ ಹೆಣ ಊರಿಗೆ ತತ್ತ್ರಾ?" ಸಣ್ಣಮ್ಮ ಅವಳ ಕೈ ಹಿಡಿದು ಕೂತಳು. ಹುಬ್ಬಳ್ಳಿ ಬರುವವರೆಗೂ ಯಾರನ್ನೂ ಏನನ್ನೂ ಕೇಳಲಿಲ್ಲ.

ಆಪರೇಷನ್ ಆದ ಮೇಲೆ ಡಾಕ್ಟರು ಹೊರಗೆ ಬಂದು, ಹುಣ್ಣು ಇನ್ನೂ ಸಣ್ಣದು, ಆಚೆಗೆ ಹರಡಿಲ್ಲ, ಜೀವಕ್ಕೆ ಭಯವಿಲ್ಲ ಎಂದರು. ಆಗ ಸಣ್ಣಮ್ಮನಿಗೆ ಬಾಯಿ ಬಂತು. ತೆಗೆದ ಗರ್ಭಕೋಶವನ್ನು ನೋಡಬಹುದೇ ಎಂದು ಕೇಳಿದಳು. ಅವರು ಅವಳನ್ನು ಒಳಗೆ ಕರೆದು ತೋರಿಸಿದರು.

ಮರುದಿನ ಹೊನ್ನಿಗೆ ಸರಿಯಾಗಿ ಎಚ್ಚರವಾಯಿತು. ಒಣಗಿದ ತುಟಿ ಒದ್ದೆ ಮಾಡಿಕೊಂಡು ಅವಳು ಮೊದಲು ಕೇಳಿದ್ದೇ ಅದು. "ನೀನು ಕಂಡ್ಯಾ? ಎಷ್ಟಿತ್ತು?"

"ಕಂಡೆ. ನನ್ನ ಮುಷ್ಟಿಯಷ್ಟೂ ಇಲ್ಲ."

"ಅಷ್ಟರೊಳಗೆ ನನ್ನ ಮಕ್ಕಳು ಹೆಂಗೆ ಹಿಡಿದ್ವು?"

"ನಾನೂ ಡಾಕ್ಟರಿಗೆ ಅದನ್ನೇ ಕೇಳ್ದೆ."

"ಎಂತ ಹೇಳಿದ್ರು? ಹೇಳೇ."

ಸಣ್ಣಮ್ಮ ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡು ಹೇಳತೊಡಗಿದಳು.