ತೊಳೆದಿಟ್ಟ ಕಲ್ಲುಗಳು

ನಮ್ಮ ಮನೆಯಲ್ಲಿ ಯಾವ ವಸ್ತುವನ್ನಾದರೂ ಅರ್ಧ ದಿನ ಒಂದೇ ಕಡೆ ಬಿಟ್ಟರೆ ದೊಡ್ಡಮ್ಮ ಅದನ್ನು ತೊಳೆದಿಟ್ಟಿರುತ್ತಾರೆ. ನನ್ನ ಕೊಡೆ, ಚಪ್ಪಲಿ, ಒಮ್ಮೆ ಕೈಗಡಿಯಾರ ಕೂಡ ಈ ಪ್ರೀತಿಗೆ ಪಾತ್ರವಾಗಿವೆ, ನಕ್ಕು ಸುಮ್ಮನಾಗಿದ್ದೇನೆ. ಆದರೆ ಓದುಗರೇ, ಈ ಸಲ ನಗಲಾರೆ. ಅವರು ತೊಳೆದದ್ದು ನನ್ನ ಕಲ್ಲುಗಳನ್ನು.

ಕಿಬ್ಬನಹಳ್ಳಿಯ ಆಚೆ, ತೆಂಗಿನ ತೋಟಗಳ ನಡುವೆ, ಕರಿಕಲ್ಲಿನ ಒಂದು ಸಾಲು ನೆಲದಿಂದೆದ್ದಿದೆ. ನೂರಾರು ಕೋಟಿ ವರ್ಷಗಳ ಹಿಂದೆ ಅದು ಕರಗಿದ ಶಿಲೆಯಾಗಿ ಮೇಲೇರಿ ತಣಿಯುವಾಗ, ಭೂಮಿಯ ಕಾಂತಕ್ಷೇತ್ರ ಅಂದು ತೋರುತ್ತಿದ್ದ ದಿಕ್ಕು ಅದರೊಳಗಿನ ಕಬ್ಬಿಣದ ಕಣಗಳಲ್ಲಿ ಅಚ್ಚೊತ್ತಿ ನಿಂತುಬಿಟ್ಟಿತು. ಭೂಮಿಯ ಕಾಂತಧ್ರುವಗಳು ಎಷ್ಟೋ ಸಲ ಅದಲುಬದಲಾಗಿವೆ. ಅದಕ್ಕೆ ಸಾಕ್ಷಿ ಇಂಥ ಕಲ್ಲುಗಳೇ. ಆದರೆ ಬಂಡೆಯಿಂದ ಬಿಡಿಸುವ ಮೊದಲು ಇಂದಿನ ಉತ್ತರಕ್ಕೆ ಬಾಣದ ಗುರುತು ಹಾಕದಿದ್ದರೆ ಆ ಸಾಕ್ಷಿ ವ್ಯರ್ಥ. ಕಲ್ಲಿಗೆ ತನ್ನ ದಿಕ್ಕು ನೆನಪಿರುತ್ತದೆ, ಆದರೆ ಬಾಣವಿಲ್ಲದಿದ್ದರೆ ಅದು ಬಂಡೆಯಲ್ಲಿ ಹೇಗೆ ಕೂತಿತ್ತೆಂಬುದು ನಮಗೆ ತಿಳಿಯುವುದಿಲ್ಲ.

ಯಂತ್ರದಲ್ಲಿ ಕೊರೆದ ಬೆರಳುದ್ದದ ದುಂಡು ಕಲ್ಲುಗಳಿಗೆ ಬಂಡೆಯಲ್ಲಿದ್ದಾಗಲೇ ಶಾಯಿಯಲ್ಲಿ ಬಾಣ ಬರೆದು, ಬಿಡಿಸಿ ತಂದು ಪಡಸಾಲೆಯಲ್ಲಿಟ್ಟು, ನೊಣವಿನಕೆರೆಗೆ ಹೋಗಿ ಬಂದೆ. ಮಾರನೆಯ ದಿನ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದುದರಿಂದ ಮನೆ ಫಳಫಳ ಹೊಳೆಯುತ್ತಿತ್ತು. ಕಲ್ಲುಗಳು ದೇವರ ಕೋಣೆಯಲ್ಲಿ ವಿಭೂತಿ ಹಚ್ಚಿಕೊಂಡು, ತಲೆಯ ಮೇಲೆ ಒಂದೊಂದು ತುಂಬೆಹೂವು ಹೊತ್ತು ನಿಂತಿದ್ದವು.

"ಲಿಂಗದಂಗೆ ಅವೆ ಕಣೇ, ನೆಲದ ಮ್ಯಾಲೆ ಬಿಸಾಕಿದ್ದೀಯಲ್ಲ! ಮಸಿ ಬೇರೆ ಬಳ್ದಿದ್ದೀಯ. ಹುಣಸೇಹಣ್ಣು ಹಾಕಿ ಉಜ್ಜೋ ಹೊತ್ಗೆ ಸಾಕಾಯ್ತು," ಎಂದರು ದೊಡ್ಡಮ್ಮ.

"ಅದು ದಿಕ್ಕಿನ ಗುರುತು ದೊಡ್ಡಮ್ಮ!"

"ದಿಕ್ಕು ನಂಗೊತ್ತಿಲ್ವಾ? ಎಲ್ಲಾನೂ ಮೂಡ್ಲು ಕಡೀಕೇ ಮುಖ ಮಾಡಿಸಿದೀನಿ ನೋಡು."

ಅಪ್ಪ ಪತ್ರಿಕೆಯಿಂದ ತಲೆಯೆತ್ತದೆ, "ಕಲ್ಲಿಗೇನವ್ವಾ ಬರ? ಇನ್ನೊಂದಿಷ್ಟು ತಂದ್ರಾಯ್ತು ಬುಡು," ಎಂದರು.

ಕೊರೆಯುವ ಯಂತ್ರ ವಾಪಸು ಹೋಗಿತ್ತು. ಆ ಬಂಡೆಸಾಲನ್ನೇ ರಸ್ತೆಯ ಜಲ್ಲಿಗಾಗಿ ಒಡೆಯತೊಡಗಿದ್ದರು. ನನ್ನ ಸಂಶೋಧನೆಗೆ ಇದ್ದ ಆಧಾರ ಹುಣಸೆನೀರಿನಲ್ಲಿ ಕೊಚ್ಚಿಹೋಯಿತೆಂದು ಮನೆಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಅವರು ಕೇಳಿದ್ದು, ನಾಳೆ ಯಾವ ಸೀರೆ ಎಂದು. ನನ್ನನ್ನೂ ಮೂಡಣಕ್ಕೆ ಮುಖಮಾಡಿಸಿ ಕೂರಿಸಲು ಒಂದು ಚಾಪೆಯನ್ನು ತೊಳೆದು ಒಣಹಾಕಿದ್ದರು. ನನಗೆ ನಿಜವಾಗಿ ಸಿಟ್ಟು ಬಂದದ್ದು ಆ ಚಾಪೆಯನ್ನು ನೋಡಿದಾಗ.

ಬೆಳಿಗ್ಗೆ ದಿಕ್ಸೂಚಿ, ಸುತ್ತಿಗೆ, ಉಳಿಗಳನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಹೊರಟೆ. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತರು.

"ಬಂದೋರಿಗೆ ಏನಂತ ಹೇಳ್ಲೇ?"

"ಕಲ್ಲು ಒಡೆಯೋಕೆ ಹೋದ್ಲು ಅಂತ ಹೇಳಿ."

ಸಾಲಿನ ಅರ್ಧ ಆಗಲೇ ಜಲ್ಲಿಯಾಗಿತ್ತು. ಉಳಿದರ್ಧದ ಮೇಲೆ ಕೂತು ಬಾಣಗಳನ್ನು ಕೆತ್ತಿದೆ, ಯಾರು ಎಷ್ಟು ಉಜ್ಜಿದರೂ ಅಳಿಯದಷ್ಟು ಆಳವಾಗಿ. ಸಂಜೆಯಾದರೂ ಸಿಟ್ಟು ಇಳಿದಿರಲಿಲ್ಲ. ಒಳ್ಳೆಯದೇ ಆಯಿತು, ಕರಿಕಲ್ಲು ಬರಿಯ ತಾಳ್ಮೆಗೆ ಬಗ್ಗುವುದಿಲ್ಲ.